ಕ್ಯಾಕರಿಸುವುದು ಗಂಟಲ ಕೆಲಸ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪದ ಆಗಾಗ ತಲೆ ಹಾಕುತ್ತಲೇ ಇರುತ್ತದೆ. ಕೇಳುವವರು ಕೊಂಚ ನಾಚಿಕೊಂಡೇ ಕೇಳುತ್ತಾರೆ. ‘ತಪ್ಪು ತಿಳಿಯಬೇಡಿ, ಕ್ಯಾಕರಿಸು ಅಂದರೆ ಸರಿಯಾದ ಅರ್ಥ ಏನು? ಕೆಮ್ಮಿ ಉಗುಳುವುದಾ? ಇದು ಬರೆಯಬಹುದಾದ ಪದವೋ, ಬರೀ ಬೈಗುಳವೋ?’ ಇನ್ನು ಕೆಲವರ ಚಿಂತೆ ಕಾಗುಣಿತದ್ದು. ಕ್ಯಾಕರಿಸು ಎನ್ನಬೇಕೋ ಕೇಕರಿಸು ಎನ್ನಬೇಕೋ? ನಂಜನಗೂಡು ತಾಲ್ಲೂಕಿನ ಸುತ್ತೂರು ಕಡೆಯ ಒಬ್ಬ ಮೇಷ್ಟ್ರು ತಮ್ಮ ತರಗತಿಯ ಹುಡುಗನೊಬ್ಬ ಪ್ರಬಂಧದಲ್ಲಿ ಈ ಪದ ಬಳಸಿದ್ದಾನೆಂದೂ, ಕೆಂಪು ಗೆರೆ ಎಳೆಯಲು ಪೆನ್ನು ಎತ್ತಿ ಸುಮ್ಮನಾದೆನೆಂದೂ ಬರೆದಿದ್ದಾರೆ. ಪೆನ್ನು ಇಳಿಸದೆ ಇದ್ದದ್ದು ಒಳ್ಳೆಯದೇ ಆಯಿತು ಎನ್ನುವುದು ನನ್ನ ಅಭಿಪ್ರಾಯ. ಏಕೆಂದು ಹೇಳುತ್ತೇನೆ.

ಮೊದಲು ಪದ ಹುಟ್ಟುವ ಜಾಗಕ್ಕೆ ಹೋಗೋಣ. ಪುಷ್ಯ ಮಾಸದ ಚಳಿಯಲ್ಲಿ ಸುತ್ತೂರು ಜಾತ್ರೆ ನಡೆಯುತ್ತದಲ್ಲ, ಆಗ ಬೆಳಗಿನ ಜಾವ ಕಪಿಲೆಯ ದಡದಲ್ಲಿ ನಿಂತು ನೋಡಬೇಕು. ನೋಡುವುದಕ್ಕಿಂತ ಕೇಳಬೇಕು. ಹೊಳೆಯ ಮೇಲೆ ಮಂಜು ಕವಿದು ಎದುರು ದಡ ಕಾಣುವುದಿಲ್ಲ. ದನಗಳ ಜಾತ್ರೆಗೆ ಎತ್ತು ಕಟ್ಟಿಕೊಂಡು ಬಂದವರು ರಾತ್ರಿಯೆಲ್ಲ ಹುಲ್ಲಿನ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗಿದ್ದು, ಈಗ ಒಬ್ಬೊಬ್ಬರೇ ಎದ್ದು ನೀರಿಗೆ ಇಳಿಯುತ್ತಾರೆ. ಒಬ್ಬನ ಬಾಯಲ್ಲಿ ಬೇವಿನ ಕಡ್ಡಿ, ಇನ್ನೊಬ್ಬನ ಅಂಗೈಯಲ್ಲಿ ಹಲ್ಲುಪುಡಿ. ತಲೆಗೆ ಟವೆಲ್ ಸುತ್ತಿದ ಯಜಮಾನರೊಬ್ಬರು ಹಲ್ಲುಜ್ಜಿ ಮುಗಿಸಿ, ಮೊಣಕಾಲಿನ ಮೇಲೆ ಎರಡೂ ಕೈ ಊರಿ, ಕತ್ತು ಮುಂದಕ್ಕೆ ಚಾಚಿ, ಹೊಟ್ಟೆ ಒಳಕ್ಕೆಳೆದು, ‘ಕ್ಯಾ…ಕ್’ ಎಂದು ಗಂಟಲ ಬುಡದಿಂದ ಒಂದು ಸದ್ದು ತೆಗೆಯುತ್ತಾರೆ. ಸಾಲದು. ಇನ್ನೊಮ್ಮೆ. ಮೂರನೆಯ ಸಲಕ್ಕೆ ಕೆಲಸ ಆಗುತ್ತದೆ. ಆಮೇಲೆ ಮುಖ ಪಕ್ಕಕ್ಕೆ ತಿರುಗಿಸಿ ಥೂ. ಮೊದಲಿನ ಮೂರು ಪ್ರಯತ್ನವಿದೆಯಲ್ಲ, ಕ್ಯಾಕರಿಸುವುದೆಂದರೆ ಅದು. ಕೊನೆಯದು ಉಗಿಯುವುದು. ಎರಡೂ ಬೇರೆ ಬೇರೆ ಕ್ರಿಯೆ, ಎರಡಕ್ಕೂ ಬೇರೆ ಬೇರೆ ಪದ.

‘ಕೆಮ್ಮಿ ಉಗುಳು’ ಎಂದು ಅರ್ಥ ಹೇಳಿಕೊಡುವವರು ಎಡವುವುದು ಇಲ್ಲೇ. ಕೆಮ್ಮು ಎದೆಯದು. ಅದು ಸಾಮಾನ್ಯವಾಗಿ ತಾನಾಗಿಯೇ ಬರುತ್ತದೆ, ತಡೆದರೂ ಸುಲಭಕ್ಕೆ ನಿಲ್ಲುವುದಿಲ್ಲ. ಕ್ಯಾಕರಿಸುವುದು ಗಂಟಲಿನದು, ಮನಸ್ಸು ಮಾಡಿ ಮಾಡುವಂಥದು. ಉಗುಳು ನಾಲಗೆ ತುಟಿಗಳದು. ನೀರು ತುಂಬಿಕೊಂಡು ಬಾಯಿ ಆಡಿಸಿದರೆ ಅದು ಮುಕ್ಕಳಿಸುವುದು. ನಮ್ಮ ಹಳ್ಳಿಯ ಕನ್ನಡಕ್ಕೆ ಈ ವಿಷಯದಲ್ಲಿ ಗೊಂದಲವೇ ಇಲ್ಲ. ನಾಟಕದ ಪರದೆಯ ಹಿಂದೆ ಪಾತ್ರಧಾರಿಯೊಬ್ಬ ಒಂದೆರಡು ಸಲ ಕ್ಯಾಕರಿಸಿ ಹಾಡು ಎತ್ತಿದ ಎಂದರೆ ಅವನು ಎಲ್ಲೂ ಉಗುಳಿಲ್ಲ, ದಾರಿ ಸರಿಮಾಡಿಕೊಂಡ ಅಷ್ಟೆ. ಪೇಟೆಯವರಾದರೆ ಇದನ್ನೇ ‘ಗಂಟಲು ಸರಿಪಡಿಸಿಕೊಂಡ’ ಎಂದು ಹೇಳಿಯಾರು. ಉಗುಳಿದ್ದರೆ ‘ಕ್ಯಾಕರಿಸಿ ಉಗಿದ’ ಎಂದು ಎರಡನೆಯ ಪದ ಸೇರಿಸಿಯೇ ಹೇಳಬೇಕು. ಒಂದೇ ಪದದಲ್ಲಿ ಎರಡೂ ಇದ್ದಿದ್ದರೆ ನಮ್ಮ ಅಜ್ಜಿಯರು ಇನ್ನೊಂದು ಪದ ಖರ್ಚು ಮಾಡುತ್ತಿರಲಿಲ್ಲ.

ಮೈಯ ಲೆಕ್ಕದಲ್ಲೂ ಇದು ಸರಿ. ಶ್ವಾಸನಾಳದ ಒಳಗೋಡೆಯಲ್ಲಿ ಲೋಳೆಯ ಪದರವೊಂದಿದೆ. ಉಸಿರಿನ ಜೊತೆ ಒಳಹೊಕ್ಕ ದೂಳು, ಹೊಗೆ, ರೋಗಾಣು ಎಲ್ಲ ಅದಕ್ಕೆ ಅಂಟಿಕೊಳ್ಳುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಆ ಲೋಳೆಯನ್ನು ಹಗಲೂ ರಾತ್ರಿ ಮೇಲಕ್ಕೆ ತಳ್ಳುತ್ತ ಗಂಟಲಿನವರೆಗೆ ತಂದು ಬಿಡುತ್ತವೆ. ಅಲ್ಲಿಂದ ಮುಂದೆ ಬಹುಪಾಲನ್ನು ನಾವು ಗೊತ್ತೇ ಆಗದಂತೆ ನುಂಗಿಬಿಡುತ್ತೇವೆ. ಬೀಡಿ ಸೇದುವವರಲ್ಲಿ ಈ ರೋಮಗಳು ಹಾಳಾಗಿರುತ್ತವೆ, ಲೋಳೆಯೂ ಜಾಸ್ತಿ. ನಿದ್ದೆಯಲ್ಲಿ ಕೆಮ್ಮೂ ಕಡಿಮೆ. ಹೀಗಾಗಿ ರಾತ್ರಿಯದೆಲ್ಲ ಒಟ್ಟುಗೂಡಿ ಬೆಳಗ್ಗೆ ಬಾಕಿ ವಸೂಲಿಗೆ ನಿಲ್ಲುತ್ತದೆ. ಕೆಮ್ಮುವಾಗ ಗಂಟಲ ಬಾಗಿಲು ಮುಚ್ಚಿ, ಎದೆಯೊಳಗೆ ಗಾಳಿ ಒತ್ತಿಕೊಂಡು, ಬಾಗಿಲು ತಟ್ಟನೆ ತೆರೆದು ಒಳಗಿದ್ದದ್ದನ್ನು ಮೇಲಕ್ಕೆ ಎಸೆಯುತ್ತದೆ. ಕ್ಯಾಕರಿಸುವಾಗ ಹಾಗಲ್ಲ. ನಾಲಗೆಯ ಹಿಂಭಾಗವನ್ನು ಕಿರುನಾಲಗೆಯ ಕಡೆಗೆ ಎತ್ತಿ, ನಡುವೆ ಉಳಿದ ಸಂದಿಯಲ್ಲಿ ಗಾಳಿಯನ್ನು ಬಲವಂತವಾಗಿ ನುಗ್ಗಿಸುತ್ತೇವೆ. ಆ ಅದುರಿಗೆ ಗಂಟಲ ಗೋಡೆಗೆ ಹಿಡಿದಿದ್ದ ಕಫ ಸಡಿಲವಾಗಿ ಬಾಯಿಗೆ ಬರುತ್ತದೆ.

ಈಗ ನಿಮ್ಮ ಬಾಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ‘ಕ’ ಎನ್ನಿ. ನಾಲಗೆ ಎಲ್ಲಿ ತಗುಲಿತು? ಹಿಂದಕ್ಕೆ, ಅದೇ ಜಾಗದಲ್ಲಿ. ವ್ಯಾಕರಣದವರು ಕವರ್ಗವನ್ನು ಕಂಠ್ಯ ಎಂದು ಕರೆದದ್ದು ಇದಕ್ಕೇ. ಕ್ಯಾಕರಿಸುವ ಕ್ರಿಯೆಗೂ ಕಕಾರಕ್ಕೂ ಮನೆ ಒಂದೇ, ಹಾಗಾಗಿ ಪದದಲ್ಲಿ ಅದು ಎರಡು ಸಲ ಬಂದರೆ ಆಶ್ಚರ್ಯವೇನು. ನಂಜನಗೂಡಿನಿಂದ ದಕ್ಷಿಣಕ್ಕೆ ಹೊರಟರೆ ಇದಕ್ಕೆ ಸಾಕ್ಷಿಗಳೂ ಸಿಗುತ್ತವೆ. ಚಾಮರಾಜನಗರ ದಾಟಿ ತಾಳವಾಡಿಯ ಕನ್ನಡದವರನ್ನು ಮಾತಾಡಿಸಿಕೊಂಡು ಸತ್ಯಮಂಗಲಕ್ಕೆ ಇಳಿದರೆ ತಮಿಳರು ಇದನ್ನು ‘ಕಾರಿ ತುಪ್ಪು’ ಎನ್ನುತ್ತಾರೆ. ಗುಂಡ್ಲುಪೇಟೆಯಿಂದ ವಯನಾಡಿನ ದಾರಿ ಹಿಡಿದರೆ ಮಲಯಾಳಿಗಳ ಬಾಯಲ್ಲಿ ‘ಕಾರ್ಕಿಚ್ಚು ತುಪ್ಪುಗ’. ತೆಲುಗಿನವರದು ‘ಕಾಂಡ್ರಿಂಚಿ ಉಮ್ಮು’. ಮರಾಠಿಯಲ್ಲಿ ‘ಖಾಕರಣೆ’, ಹಿಂದಿಯಲ್ಲಿ ‘ಖಖಾರ್‌ನಾ’. ಒಬ್ಬರಿಂದ ಒಬ್ಬರು ಕಡ ತಂದದ್ದಕ್ಕಿಂತ, ಎಲ್ಲರ ಗಂಟಲೂ ಒಂದೇ ಆಗಿದ್ದರಿಂದ ಹೀಗಾಗಿದೆ ಎನಿಸುತ್ತದೆ. ಎರಡನೆಯ ಪದಗಳನ್ನೂ ನೋಡಿ. ಉಗಿ, ಉಗುಳು, ಉಮ್ಮು, ತುಪ್ಪು, ಥೂ. ಎಲ್ಲದರಲ್ಲೂ ತುಟಿ ಮುಂದಕ್ಕೆ ಚಾಚಿ ದುಂಡಗಾಗುವ ಉಕಾರ. ‘ಕ್ಯಾಕರಿಸಿ ಉಗಿ’ ಎಂಬ ಎರಡು ಪದಗಳಲ್ಲಿ ಬಾಯಿ ಹಿಂಬಾಗಿಲಿನಿಂದ ಮುಂಬಾಗಿಲಿಗೆ ಬಂದಾಯಿತು.

ಕಾಗುಣಿತದ ಪ್ರಶ್ನೆಗೆ ಬರೋಣ. ಕೇಕರಿಸು ಎಂದು ತಿದ್ದುವವರ ತರ್ಕ ನನಗೆ ಗೊತ್ತು. ನಮ್ಮ ಕಡೆಯ ಆಡುಮಾತಿನಲ್ಲಿ ಬೇಡ ಎಂಬುದು ಬ್ಯಾಡ, ಪೇಟೆ ಪ್ಯಾಟೆ, ಬೇಟೆ ಬ್ಯಾಟೆ, ಮೇಲೆ ಮ್ಯಾಲೆ. ಹಾಗಾದರೆ ಕ್ಯಾಕರಿಸು ಕೂಡ ಹಳ್ಳಿಯವರು ಕೆಡಿಸಿದ ಪದ, ಮೂಲದಲ್ಲಿ ಕೇಕರಿಸು ಇದ್ದಿರಬೇಕು ಎಂಬ ಊಹೆ. ಕೆಡಿಸಿದ್ದು ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಇದರಲ್ಲಿ ಅಚ್ಚುಕಟ್ಟಾದ ನಿಯಮವಿದೆ. ಬೇರೆ ಎಂಬುದು ಬ್ಯಾರೆ ಆಗುತ್ತದೆ, ಆದರೆ ಬೇರು ಎಂಬುದು ಎಂದೂ ಬ್ಯಾರು ಆಗುವುದಿಲ್ಲ. ಜಾತ್ರೆಯ ತೇರು ತೇರೇ, ಅಳೆಯುವ ಸೇರು ಸೇರೇ. ಮುಂದಿನ ಅಕ್ಷರದಲ್ಲಿ ಅಕಾರವೋ ಎಕಾರವೋ ಇದ್ದರೆ ಮಾತ್ರ ಹಿಂದಿನ ಏಕಾರದ ಬಾಯಿ ಅಗಲವಾಗುತ್ತದೆ, ಉಕಾರವಿದ್ದರೆ ಅದು ಅಲುಗುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಮುದುಕಿಯೂ ಈ ನಿಯಮವನ್ನು ಒಮ್ಮೆಯೂ ತಪ್ಪುವುದಿಲ್ಲ. ಇದೇ ನಂಜನಗೂಡು ತಾಲ್ಲೂಕಿನ ದೇವನೂರಿನಿಂದ ಬಂದ ದೇವನೂರ ಮಹಾದೇವ ಈ ಸೀಮೆಯ ಮಾತಿನಲ್ಲೇ ‘ಕುಸುಮಬಾಲೆ’ ಬರೆದು, ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಮೇಲೂ ‘ಬ್ಯಾಡ’ ಎಂದವನನ್ನು ತಿದ್ದಹೊರಡುವವರಿಗೆ ನಾನು ಹೇಳುವುದೇನೂ ಇಲ್ಲ.

ಅದಲ್ಲದೆ ಕೇಕರಿಸು ಎಂದು ಬರೆದರೆ ಕೇಕೆ ನೆನಪಾಗುತ್ತದೆ. ಕೇಕೆ ಹಾಕಿ ನಗುವವನಿಗೂ ಕ್ಯಾಕರಿಸಿ ಉಗಿಯುವವನಿಗೂ ಅಜಗಜಾಂತರ. ಇಲ್ಲಿ ಸದ್ದೇ ಅರ್ಥ, ಸದ್ದು ಬದಲಾದರೆ ಪದ ಸತ್ತಂತೆ. ಕ್ಯಾತೆ ತೆಗೆಯುವವರನ್ನು ಕೇತೆ ತೆಗೆಯುವವರು ಎಂದು ಯಾರೂ ಬರೆಯುವುದಿಲ್ಲವಲ್ಲ. ಕ್ಯಾಮೆರಾ, ಕ್ಯಾಲೆಂಡರುಗಳಿಗೆ ಇರುವ ‘ಕ್ಯಾ’ ನಮ್ಮ ಮನೆಯ ಪದಕ್ಕೆ ಯಾಕೆ ಬೇಡ?

ಕೊನೆಯ ‘ಕರಿಸು’ ಬಗ್ಗೆಯೂ ಒಂದು ಮಾತು. ‘ಹೂಂ’ ಎಂದು ಗುಡುಗಿದರೆ ಹೂಂಕರಿಸು, ಝೇಂ ಎಂದರೆ ಝೇಂಕರಿಸು, ‘ಧಿಕ್’ ಎಂದು ಛೀಮಾರಿ ಹಾಕಿದರೆ ಧಿಕ್ಕರಿಸು. ಇವೆಲ್ಲ ಸಂಸ್ಕೃತದ ಮನೆತನ. ಕ್ಯಾಕರಿಸು ಅವರ ಪಂಕ್ತಿಯಲ್ಲೇ ಕುಳಿತ ಹಳ್ಳಿಯ ಸೋದರನ ಹಾಗೆ ನನಗೆ ಕಾಣುತ್ತದೆ. ಆದರೆ ಮರ್ಯಾದೆಯಲ್ಲಿ ಎಷ್ಟು ತಾರತಮ್ಯ ನೋಡಿ. ತಾಲ್ಲೂಕು ಕಚೇರಿಯ ಮುಂದೆ ಧಿಕ್ಕಾರ ಧಿಕ್ಕಾರ ಎಂದು ಕೂಗಬಹುದು, ಮನವಿಪತ್ರದಲ್ಲೂ ಬರೆಯಬಹುದು. ಕ್ಯಾಕಾರ ಎಂದು ಯಾರಾದರೂ ಕೂಗಿದ್ದು ಕೇಳಿದ್ದೀರಾ? ಮಾಡುವ ಕೆಲಸ ಎರಡರದ್ದೂ ಒಂದೇ, ಒಂದಕ್ಕೆ ಪಂಚೆ ಶಲ್ಯ, ಇನ್ನೊಂದಕ್ಕೆ ಚಡ್ಡಿ ಬನಿಯನ್ನು.

ಇದು ಬೈಗುಳವೇ ಎಂದು ಕೇಳಿದವರಿಗೆ ನಾನು ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಂಡದ್ದನ್ನು ಹೇಳಬೇಕು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕ್ಷಯವಿರಬಹುದೆಂದು ಕಫ ಪರೀಕ್ಷೆ ಮಾಡಿಸುತ್ತಾರೆ, ಅದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಸೊಸೆಯ ಜೊತೆ ಬಂದಿದ್ದ ಅಜ್ಜಿಯೊಬ್ಬರ ಕೈಗೆ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಕೊಟ್ಟು ‘ಇದರಲ್ಲಿ ಸ್ಯಾಂಪಲ್ ಕೊಡಿ’ ಎಂದರು. ಅಜ್ಜಿ ಗೋಡೆ ಕಡೆ ತಿರುಗಿ, ಸೆರಗು ಮರೆ ಮಾಡಿಕೊಂಡು, ತುಟಿಯಂಚಿನಿಂದ ಚೂರು ಎಂಜಲು ಬಿಟ್ಟು ಡಬ್ಬಿ ವಾಪಸು ಕೊಟ್ಟರು. ನೀರಿನಂತೆ ತೆಳ್ಳಗಿತ್ತು. ‘ಇದಲ್ಲಮ್ಮ, ಕಫ ಬೇಕು’ ಎಂದರೆ ಅವರಿಗೆ ಅರ್ಥವಾಗಲಿಲ್ಲವೋ, ಎಲ್ಲರೆದುರು ಹೇಗೆ ಎಂದು ಸಂಕೋಚವೋ. ಕೊನೆಗೆ ಆಶಾ ಕಾರ್ಯಕರ್ತೆ ಅಜ್ಜಿಯ ಭುಜ ಹಿಡಿದು ಹೊರಗೆ ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋದಳು. ‘ಅವ್ವಾ, ಅದು ಬರೀ ಎಂಜ್ಲು ಕನವ್ವ. ಉಸ್ರು ಜೋರಾಗಿ ಎಳ್ಕೊ, ಎದೆಯಿಂದ ಕೆಮ್ಮು, ಗಂಟ್ಲಿಗೆ ಬಂದೇಟ್ಗೆ ಕ್ಯಾಕರಿಸಿ ಇದ್ರೊಳಕ್ಕೆ ಉಗಿ. ಇಲ್ಲಿ ಯಾರೂ ನೋಡಾಕಿಲ್ಲ.’ ಅಜ್ಜಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಡಬ್ಬಿಯಲ್ಲಿ ಬೇಕಾದದ್ದು ಬಿತ್ತು.

ಆ ಹೆಣ್ಣುಮಗಳು ಹೇಳಿದ ಕ್ರಮವನ್ನೇ ನೋಡಿ. ಕೆಮ್ಮು, ಕ್ಯಾಕರಿಸು, ಉಗಿ. ಎದೆ, ಗಂಟಲು, ಬಾಯಿ. ವೈದ್ಯಕೀಯ ಕೈಪಿಡಿಯಲ್ಲಿ ಅರ್ಧ ಪುಟ ತೆಗೆದುಕೊಳ್ಳುವ ಸೂಚನೆ. ಬರೀ ಗಂಟಲ ಲೋಳೆ ಸಾಲದು, ಬಾಯಿಯ ಎಂಜಲಂತೂ ಏನಕ್ಕೂ ಬಾರದು, ಶ್ವಾಸಕೋಶದ ಆಳದಿಂದ ಬಂದದ್ದೇ ಬೇಕು. 1882ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಕಂಡುಹಿಡಿದಂದಿನಿಂದ ಈ ಮಾತು ಬದಲಾಗಿಲ್ಲ. ಈಗ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ರೂನಾಟ್ ಯಂತ್ರ ತಾಲ್ಲೂಕು ಮಟ್ಟದಲ್ಲೇ ಕೆಲವೇ ಗಂಟೆಗಳಲ್ಲಿ ಫಲಿತಾಂಶ ಕೊಡುತ್ತದೆ, ಆದರೆ ಆ ಯಂತ್ರದ ಬಾಯಿಗೂ ಎಂಜಲು ಹಾಕಿದರೆ ಅದು ತಪ್ಪು ಸಮಾಧಾನವನ್ನೇ ಹೇಳಬಹುದು. ನಾಲ್ವಡಿ ಕೃಷ್ಣರಾಜ ಒಡೆಯರು ತಮ್ಮ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಮೈಸೂರಿನಲ್ಲಿ ಕಟ್ಟಿಸಿದ ಕ್ಷಯರೋಗ ಆಸ್ಪತ್ರೆ ಇಂದಿಗೂ ಕೆ.ಆರ್.ಎಸ್ ರಸ್ತೆಯಲ್ಲಿದೆ. ಅರಮನೆಯನ್ನೂ ಬಿಡದ ಕಾಯಿಲೆ ಅದು. ಅದರ ಪತ್ತೆಗೆ ಒಂದು ಪದ ಇಷ್ಟು ನೆರವಾಗುವುದಾದರೆ, ಆರೋಗ್ಯ ಇಲಾಖೆಯ ಭಿತ್ತಿಪತ್ರದಲ್ಲಿ ‘ಕಫದ ಮಾದರಿ ನೀಡಿ’ ಎಂದು ಬರೆಯುವ ಬದಲು ‘ಎದೆಯಿಂದ ಕೆಮ್ಮಿ, ಕ್ಯಾಕರಿಸಿ ಉಗಿಯಿರಿ’ ಎಂದು ಬರೆದರೆ ಕನ್ನಡಕ್ಕೇನೂ ಮೈಲಿಗೆಯಾಗದು.

ಎಲ್ಲೆಂದರಲ್ಲಿ ಉಗಿಯುವುದಕ್ಕೆ ಇದು ಪರವಾನಗಿ ಅಲ್ಲ ಎಂದು ಬೇರೆ ಹೇಳಬೇಕೇ? ಡಬ್ಬಿಯಲ್ಲಿ ಬಿದ್ದರೆ ಔಷಧಿಗೆ ದಾರಿ, ಬಸ್ ನಿಲ್ದಾಣದಲ್ಲಿ ಬಿದ್ದರೆ ಹೇಸಿಗೆ. ಅರಸರ ಓಲಗದಲ್ಲೇ ತಾಂಬೂಲದ ಉಗುಳಿಗೆ ಕಾಳಂಜಿ ಎಂಬ ಪಾತ್ರೆಯಿತ್ತು, ಆಮೇಲೆ ಅದು ಪೀಕದಾನಿಯಾಯಿತು. ಈಗ ಪಾತ್ರೆ ಹೋಗಿ ಮೆಟ್ಟಿಲ ಮೂಲೆ ಉಳಿದಿದೆ. ಗುಟ್ಕಾವನ್ನು ರಾಜ್ಯ ಸರ್ಕಾರ 2013ರಲ್ಲೇ ನಿಷೇಧಿಸಿತು. 2025ರಲ್ಲಿ ಜಾರಿಗೆ ಬಂದ ತಂಬಾಕು ಕಾನೂನಿನ ತಿದ್ದುಪಡಿಯಂತೆ ಸಾರ್ವಜನಿಕ ಸ್ಥಳದಲ್ಲಿ ತಂಬಾಕು ಜಗಿದು ಉಗುಳಿದರೆ 1,000 ರೂಪಾಯಿವರೆಗೆ ದಂಡ. ಆದರೂ ಎಲೆ ಅಡಿಕೆ ಹೊಗೆಸೊಪ್ಪಿನ ಕೆಂಪು ಎಲ್ಲಿ ಕಾಣುತ್ತದೆಂದರೆ ‘ಇಲ್ಲಿ ಉಗುಳಬಾರದು’ ಎಂಬ ಫಲಕದ ಅಡಿಯಲ್ಲೇ. ಅದಕ್ಕೆ ಕ್ಯಾಕರಿಸುವ ಶ್ರಮವೂ ಇಲ್ಲ. ಪಿಚಕ್ಕನೆ ಉಗಿದರಾಯಿತು. ಪಿಚಕ್ ಎನ್ನುವುದು ಹಲ್ಲುಸಂದಿಯ ಸದ್ದು, ಅದರ ಕಥೆ ಇನ್ನೊಂದು ದಿನ.

ಆ ಫಲಕದಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಅಲ್ಲಿ ‘ಉಗುಳಬಾರದು’ ಎಂದೇ ಇರುತ್ತದೆ, ‘ಉಗಿಯಬಾರದು’ ಎಂದು ಬರೆಯುವುದು ಅಪರೂಪ. ಎರಡರ ಅರ್ಥ ಒಂದೇ ಆದರೂ ಬಳಕೆಯಲ್ಲಿ ದಾರಿ ಬೇರೆಯಾಗಿದೆ. ‘ಮೇಷ್ಟ್ರ ಹತ್ರ ಉಗಿಸ್ಕೊಂಡೆ’ ಎಂದರೆ ಬೈಸಿಕೊಂಡೆ ಎಂದರ್ಥ, ಮೇಷ್ಟ್ರು ಬಾಯಿ ತೆರೆದದ್ದು ಮಾತಿಗೆ ಮಾತ್ರ. ‘ಉಗುಳಿಸಿಕೊಂಡೆ’ ಎಂದರೆ ಮುಖ ತೊಳೆದುಕೊಳ್ಳಬೇಕಾಗುತ್ತದೆ. ಬೈಗುಳದ ಅರ್ಥ ಪೂರ್ತಿಯಾಗಿ ಉಗಿಯ ಪಾಲಿಗೆ ಬಂದಿದೆ. (ಆವಿಯೂ ಉಗಿಯೇ ಆದ್ದರಿಂದ ಉಗಿಬಂಡಿ ಎಂದಾಗ ಪ್ರಾಥಮಿಕ ಶಾಲೆಯ ಮಕ್ಕಳು ಕಿಸಕ್ಕನೆ ನಗುವುದನ್ನು ಯಾವ ಮೇಷ್ಟ್ರೂ ತಡೆಯಲಾರರು.) ಮಗುವಿಗೆ ದೃಷ್ಟಿಯಾದರೆ ಉಪ್ಪು ಮೆಣಸಿನಕಾಯಿ ನಿವಾಳಿಸಿ, ಅದರ ಮೇಲೆ ಮಗುವಿನ ಕೈಲೇ ಮೂರು ಸಲ ಥೂ ಥೂ ಎಂದು ಉಗಿಸಿ ಒಲೆಗೆ ಹಾಕುತ್ತಾರೆ. ಅಲ್ಲಿ ಉಗಿಯುವುದೇ ರಕ್ಷೆ. ಆದರೆ ಗಮನಿಸಿ, ದೃಷ್ಟಿ ತೆಗೆಯುವಾಗ ಯಾರೂ ಕ್ಯಾಕರಿಸುವುದಿಲ್ಲ. ಬರಿಯ ಥೂ ಸಾಕು.

ಕೆಮ್ಮಿಗೂ ಇಂಥದೇ ಹೆಚ್ಚುವರಿ ಕೆಲಸಗಳಿವೆ. ಹಿಂದೆ ಮನೆಯ ಹಿರಿಯರು ಹಜಾರ ದಾಟಿ ಒಳಗೆ ಬರುವ ಮುನ್ನ ಬಾಗಿಲಲ್ಲೇ ಒಂದು ಕೆಮ್ಮು ಕೆಮ್ಮುತ್ತಿದ್ದರು, ಒಳಗಿನ ಸೊಸೆಯಂದಿರು ಸೆರಗು ಸರಿಮಾಡಿಕೊಳ್ಳಲಿ ಎಂದು. ಈಗ ‘ಅವನ ಮುಂದೆ ಯಾರೂ ಕೆಮ್ಮಂಗಿಲ್ಲ’ ಎಂಬ ಮಾತು ಬಾಯಿಂದ ಬಾಯಿಗೆ ಓಡಾಡುತ್ತಿದೆ. ಕೆಮ್ಮುವುದಕ್ಕೇ ಅಪ್ಪಣೆ ಬೇಕಾದ ಕಡೆ ಕ್ಯಾಕರಿಸುವುದು ದೂರದ ಮಾತು.

ಹಾಗಾದರೆ ‘ಕ್ಯಾಕರಿಸಿ ಉಗಿದರು’ ಎಂಬ ಬೈಗುಳದ ಬಲ ಎಲ್ಲಿಂದ ಬಂತು? ಬಲ ಇರುವುದು ಉಗಿಯುವುದರಲ್ಲಿ ಅಲ್ಲ, ಅದಕ್ಕೂ ಮೊದಲಿನ ಸಿದ್ಧತೆಯಲ್ಲಿ. ಸುಮ್ಮನೆ ಥೂ ಎನ್ನುವುದಕ್ಕೆ ಒಂದು ಕ್ಷಣ ಸಾಕು, ಸಿಟ್ಟು ಬಂದಾಗ ತಾನಾಗಿ ಬಾಯಿಗೆ ಬರುತ್ತದೆ. ಕ್ಯಾಕರಿಸಿ ಉಗಿಯಬೇಕಾದರೆ ನಿಲ್ಲಬೇಕು, ಉಸಿರೆಳೆಯಬೇಕು, ಎಲ್ಲೆಲ್ಲಿಂದಲೋ ಒಟ್ಟುಮಾಡಿ ತರಬೇಕು. ಅಷ್ಟು ಹೊತ್ತು ಎದುರಿಗಿರುವವನು ಏನು ಬರುತ್ತಿದೆ ಎಂದು ಗೊತ್ತಿದ್ದೂ ನಿಂತಿರಬೇಕು. ತಿರಸ್ಕಾರಕ್ಕೆ ಇಷ್ಟು ಶ್ರಮ ಹಾಕುವಷ್ಟು ದೊಡ್ಡ ತಪ್ಪು ಅವನದು ಎಂಬುದು ಪದದೊಳಗಿನ ಲೆಕ್ಕ. ‘ಊರೋರು ಮೊಕ್ಕೆ ಕ್ಯಾಕರಿಸಿ ಉಗೀತಾರೆ ಕನ್ಲಾ’ ಎಂದು ತಾಯಿ ಮಗನಿಗೆ ಹೇಳುತ್ತಾಳೆಂದರೆ ಅವನು ಪಕ್ಕದ ಮನೆಯ ಪೇರಲೆ ಕಿತ್ತದ್ದಕ್ಕಲ್ಲ. ತಂದೆತಾಯಿಗೆ ಅನ್ನ ಹಾಕದೆ ಇದ್ದದ್ದಕ್ಕೋ, ಕೊಟ್ಟ ಮಾತಿಗೆ ತಪ್ಪಿ ಒಂದು ಹೆಣ್ಣಿನ ಬಾಳು ಕೆಡಿಸಿದ್ದಕ್ಕೋ ಇರುತ್ತದೆ.

ಅದಕ್ಕೇ ಈಚಿನ ಟಿ.ವಿ. ಸುದ್ದಿಪಟ್ಟಿಗಳನ್ನೂ ಮೊಬೈಲಿನಲ್ಲಿ ಬರುವ ಶೀರ್ಷಿಕೆಗಳನ್ನೂ ಕಂಡರೆ ನನಗೆ ಬೇಸರ. ನಟಿಯೊಬ್ಬಳ ಉಡುಪು ಹಿಡಿಸಲಿಲ್ಲವೆಂದರೆ ‘ಕ್ಯಾಕರಿಸಿ ಉಗಿದ ನೆಟ್ಟಿಗರು’. ಕ್ರಿಕೆಟಿಗ ಸೊನ್ನೆಗೆ ಔಟಾದರೂ ಅದೇ, ಹೋಟೆಲಿನವರು ದೋಸೆಗೆ ಐದು ರೂಪಾಯಿ ಏರಿಸಿದರೂ ಅದೇ. ಹೆಬ್ಬೆರಳಿನಲ್ಲಿ ನಾಲ್ಕಕ್ಷರ ಒತ್ತುವುದಕ್ಕೆ ಇಷ್ಟು ದುಡಿಮೆಯ ಪದವನ್ನು ಯಾಕೆ ಎಳೆತರಬೇಕು? ಟೀಕಿಸಿದರು ಎನ್ನಿ, ಮೂದಲಿಸಿದರು ಎನ್ನಿ, ಬೈದರು ಎಂದರೂ ಸಾಕು. ದಿನಕ್ಕೆ ಹತ್ತು ಸಲ ಕ್ಯಾಕರಿಸಿದರೆ ಗಂಟಲೂ ಕೆಡುತ್ತದೆ, ಪದವೂ ಕೆಡುತ್ತದೆ. ಸುತ್ತೂರಿನ ಆ ಮೇಷ್ಟ್ರ ವಿದ್ಯಾರ್ಥಿ ಬರೆದದ್ದು ಹೀಗಂತೆ: ‘ನಮ್ಮ ತಾತ ಬೆಳಗ್ಗೆ ಕ್ಯಾಕರಿಸುವ ಸದ್ದಿಗೆ ಕೊಟ್ಟಿಗೆಯ ದನ ಏಳುತ್ತವೆ.’ ಹುಡುಗನಿಗೆ ಹತ್ತಕ್ಕೆ ಹತ್ತು ಕೊಡಿ ಮೇಷ್ಟ್ರೇ, ನೆಟ್ಟಿಗರಿಗಿಂತ ಅವನಿಗೆ ಪದದ ಬೆಲೆ ಗೊತ್ತು.

ಇನ್ನು, ಕ್ಯಾಕರಿಸಿ ಉಗಿಯುವುದಕ್ಕಿಂತ ದೊಡ್ಡ ಬೈಗುಳ ಇದೆಯೇ ಎಂದೊಬ್ಬರು ಕೇಳಿದ್ದಾರೆ. ಇದೆ. ನಮ್ಮೂರ ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸೊಬ್ಬಳು ಸಾಲ ತಿಂದು ತಲೆ ತಪ್ಪಿಸಿಕೊಂಡು ತಿರುಗುತ್ತಿದ್ದವನನ್ನು ಕೊನೆಗೂ ಹಿಡಿದಳು. ಇನ್ನೇನು ಉಗಿದೇ ಬಿಡುತ್ತಾಳೆಂದು ಸುತ್ತ ನಿಂತವರು ಒಂದು ಹೆಜ್ಜೆ ಹಿಂದೆ ಸರಿದರು. ಅವಳು ಅವನನ್ನು ಮೇಲಿಂದ ಕೆಳಕ್ಕೆ ಒಮ್ಮೆ ನೋಡಿ, ‘ಹೋಗ್ ಅತ್ಲಾಗೆ, ನಿನ್ ಮೊಕ್ಕೆ ಉಗುದ್ರೆ ನನ್ ಎಂಜ್ಲೇ ದಂಡ’ ಎಂದು ಕೊತ್ತಂಬರಿ ಕಟ್ಟಿಗೆ ನೀರು ಚಿಮುಕಿಸತೊಡಗಿದಳು.